ಕೆಂಪುಕಲ್ಲಿಗೆ ಅಂಟಿದ ಯುರೇನಿಯಂ ಅಲ್ಲೇ ಇರ್ತದಾ, ಬಾವಿ ನೀರಿಗೆ ವಾಪಸ್ ಬರ್ತದಾ?

ಪ್ರಶ್ನೆ: ನಮ್ಮ ಮನೆ ಕಾಪು ಹತ್ರ, ಕೆಂಪುಕಲ್ಲು ಕಡಿದು ತೋಡಿದ ಹಳೇ ಬಾವಿ ಉಂಟು. ಉಳ್ಳಾಲದ ಮರಳಲ್ಲಿ ಥೋರಿಯಂ ಉಂಟು, ಕೋಲಾರ ಕಡೆ ಬೋರ್‌ವೆಲ್ ನೀರಲ್ಲಿ ಯುರೇನಿಯಂ ಉಂಟು ಅಂತ ಓದಿ ಸ್ವಲ್ಪ ಹೆದರಿಕೆ ಆಗಿದೆ. ಪರಿಚಯದವರೊಬ್ರು ಕೆಂಪುಕಲ್ಲು ವಿಕಿರಣದ ಲೋಹ ಎಲ್ಲಾ ಹಿಡಿದಿಟ್ಟುಕೊಳ್ತದೆ, ಚಿಂತೆ ಬೇಡ ಅಂದ್ರು. ಇನ್ನೊಬ್ರು ಹಾಗಾದ್ರೆ ಆ ಕಲ್ಲೇ ಅಪಾಯ ಅಲ್ವಾ ಅಂದ್ರು. ಕಲ್ಲಿಗೆ ಲೋಹ ಅಂಟೋದು ಅಂದ್ರೆ ಎಂತ, ಅದು ಶಾಶ್ವತವಾ? ಮನೆಯಲ್ಲಿ ಈಗ ಬಾವಿ ಬಿಟ್ಟು ಬೋರ್ ತೆಗೆಸುವ ಅಂತ ಮಾತು ನಡೀತಾ ಉಂಟು.

ಉತ್ತರ: ಮೊದ್ಲೇ ಹೇಳಿಬಿಡ್ತೇನೆ, ಇಬ್ಬರು ಹೇಳಿದ್ದೂ ಅರ್ಧರ್ಧ. ಕೆಂಪುಕಲ್ಲು, ಅಂದ್ರೆ ಲ್ಯಾಟರೈಟ್, ಯುರೇನಿಯಂ ಹಿಡಿಯೋದ್ರಲ್ಲಿ ನಿಜಕ್ಕೂ ಗಟ್ಟಿ, ಥೋರಿಯಂ ಹಿಡಿಯೋದ್ರಲ್ಲಿ ಇನ್ನೂ ಗಟ್ಟಿ, ಆದ್ರೆ ಸೀಸಿಯಂ ವಿಷಯದಲ್ಲಿ ಅದರ ಮೇಲೆ ಭರವಸೆ ಇಡೋ ಹಾಗಿಲ್ಲ, ರೇಡಿಯಂ ಆದ್ರೆ ನೀರಲ್ಲಿ ಉಪ್ಪು ಎಷ್ಟುಂಟು ಅನ್ನೋದರ ಮೇಲೆ ಹೋಗ್ತದೆ. ಎಲ್ಲಕ್ಕಿಂತ ಮುಖ್ಯ ಎಂತ ಅಂದ್ರೆ, ಹಿಡಿದದ್ದು ಹಿಡಿದ ಹಾಗೇ ಇರ್ತದಾ ಇಲ್ವಾ ಅನ್ನೋದನ್ನು ಕಲ್ಲು ಒಂದೇ ತೀರ್ಮಾನ ಮಾಡೋದಿಲ್ಲ, ಅದರ ಸುತ್ತ ಹರಿಯೋ ನೀರು ತೀರ್ಮಾನ ಮಾಡ್ತದೆ. ಹಾಗಾಗಿ ಬೋರ್ ತೆಗೆಸೋ ಮೊದ್ಲು ಇದನ್ನು ಪೂರ್ತಿ ಓದಿ ಅಂತ ನನ್ನ ವಿನಂತಿ.

ಉಳ್ಳಾಲದ ಥೋರಿಯಂ ವಿಷಯ ಬೇಗ ಮುಗಿಸ್ತೇನೆ, ಯಾಕಂದ್ರೆ ಅದು ಬೇರೆಯೇ ಕತೆ. ಉಳ್ಳಾಲದ ಬೀಚಲ್ಲಿ ಅಲ್ಲಲ್ಲಿ ಕಪ್ಪು ಮರಳಿನ ಜೊತೆ ಮೊನಜೈಟ್ ಅನ್ನೋ ಖನಿಜ ಸೇರಿಕೊಂಡಿದೆ, ಅಲ್ಲಿ ವಿಕಿರಣ ಸುತ್ತಲಿಗಿಂತ ಜಾಸ್ತಿ ಇರೋದು ನಿಜ. ಆದ್ರೆ ಆ ಥೋರಿಯಂ ಮರಳಿನ ಕಾಳಿನ ಮೇಲೆ ಅಂಟಿದ್ದಲ್ಲ, ಫಾಸ್ಫೇಟ್ ಹರಳಿನ ಒಳಗೇ ಕಟ್ಟಿಕೊಂಡಿರೋದು. ಮೊನಜೈಟನ್ನು ಒಡೆದು ಥೋರಿಯಂ ತೆಗೀಬೇಕಾದ್ರೆ ಫ್ಯಾಕ್ಟರಿಯಲ್ಲಿ ಬಿಸಿ ಕಾಸ್ಟಿಕ್ ಸೋಡಾದಲ್ಲೋ ಬಿಸಿ ಸಲ್ಫ್ಯೂರಿಕ್ ಆಸಿಡ್‌ನಲ್ಲೋ ಬೇಯಿಸ್ತಾರೆ, ಮಳೆ ನೀರಿಗೆ ಅದು ಬಗ್ಗೋದಿಲ್ಲ. ಹಾಗೂ ಚೂರುಪಾರು ಥೋರಿಯಂ ನೀರಿಗೆ ಬಂದ್ರೆ ಸಿಕ್ಕಿದ ಮಣ್ಣಿನ ಕಣಕ್ಕೆ ತಕ್ಷಣ ಅಂಟಿಕೊಳ್ತದೆ, ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ, ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ನಾಲ್ಕು ದಾಟಿದ್ರೆ ಸಾಕು. ಉಳ್ಳಾಲದಿಂದ ಕಾಪುವಿನ ಬಾವಿಗೆ ಥೋರಿಯಂ ಬರ್ತದೆ ಅನ್ನೋ ಹೆದರಿಕೆ ಬಿಟ್ಟುಬಿಡಿ.

ಇನ್ನು ಯುರೇನಿಯಂ. ಇದು ಸ್ವಲ್ಪ ನಿಧಾನಕ್ಕೆ ನೋಡಬೇಕಾದ ಲೋಹ.

ಭೂಮಿಯ ಹೊರಪದರದಲ್ಲಿ ಸರಾಸರಿ ಒಂದು ಟನ್ ಕಲ್ಲಿಗೆ ಎರಡೂವರೆ ಮೂರು ಗ್ರಾಂ ಯುರೇನಿಯಂ ಇರ್ತದೆ, ಗ್ರಾನೈಟ್ ಜಾತಿಯ ಕಲ್ಲಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಗಾಳಿ ಸಿಗದ ಆಳದಲ್ಲಿ ಅದು ನಾಲ್ಕು ವೇಲೆನ್ಸಿಯ, ಅಂದ್ರೆ ನಾಲ್ಕು ಎಲೆಕ್ಟ್ರಾನ್ ಬಿಟ್ಟುಕೊಟ್ಟ ರೂಪದಲ್ಲಿ ಕೂತಿರ್ತದೆ, ನೀರಲ್ಲಿ ಕರಗೋದೇ ಇಲ್ಲ ಅನ್ನಬಹುದು. ಆಮ್ಲಜನಕ ಇರೋ ನೀರು ತಾಗಿದ್ರೆ ಆರು ವೇಲೆನ್ಸಿಗೆ ಏರಿ ಯುರೇನಿಲ್ ಆಗ್ತದೆ, ಅಂದ್ರೆ ನಡುವೆ ಯುರೇನಿಯಂ, ಮೇಲೊಂದು ಕೆಳಗೊಂದು ಆಕ್ಸಿಜನ್, ನೆಟ್ಟಗೆ ಒಂದು ಕಡ್ಡಿ ಥರ, ಆ ಕಡ್ಡಿಯ ಸೊಂಟದ ಸುತ್ತ ಐದು ನೀರಿನ ಅಣು. ಆ ಎರಡು ಆಕ್ಸಿಜನ್‌ಗಳು ಎಷ್ಟು ಬಿಗಿಯಾಗಿ ಹಿಡ್ಕೊಂಡಿರ್ತವೆ ಅಂದ್ರೆ ಅವು ಯಾವ ಕಲ್ಲಿನ ಕಡೆಗೂ ಕೈ ಚಾಚೋದಿಲ್ಲ, ಅಂಟೋ ಕೆಲಸ ಎಲ್ಲಾ ಆ ಸೊಂಟದ ಸುತ್ತಲಿನ ಜಾಗದಲ್ಲೇ ನಡೀಬೇಕು.

ಈಗ ಕಲ್ಲಿನ ಬದಿ ನೋಡಿ. ಕೆಂಪುಕಲ್ಲಿನ ಕೆಂಪು ಹೆಮಟೈಟಿಂದ, ಹಳದಿ ಕಂದು ಗೋಯಥೈಟಿಂದ, ಎರಡೂ ಕಬ್ಬಿಣದ ಆಕ್ಸೈಡ್. ಹರಳಿನ ಒಳಗೆ ಪ್ರತಿ ಕಬ್ಬಿಣದ ಸುತ್ತ ಆರು ಆಕ್ಸಿಜನ್ ಇರ್ತದೆ, ಎಲ್ಲರಿಗೂ ಲೆಕ್ಕ ಸರಿ. ಆದ್ರೆ ಹರಳು ಎಲ್ಲೋ ಒಂದು ಕಡೆ ಮುಗೀಲೇಬೇಕಲ್ಲ, ಆ ಅಂಚಿನಲ್ಲಿರೋ ಆಕ್ಸಿಜನ್‌ಗೆ ಒಂದು ಬದಿಯಲ್ಲಿ ಕಬ್ಬಿಣ ಇಲ್ಲ, ಹಾಗಾಗಿ ನೀರಿಂದ ಹೈಡ್ರೋಜನ್ ತಗೊಂಡು ಹೈಡ್ರಾಕ್ಸಿಲ್ ಆಗಿ ಕೂತಿರ್ತದೆ. ನೀರು ಹುಳಿ ಇದ್ರೆ ಇನ್ನೊಂದು ಹೈಡ್ರೋಜನ್ ಹಿಡ್ಕೊಂಡು ಮೇಲ್ಮೈ ಪಾಸಿಟಿವ್ ಆಗ್ತದೆ, ಕ್ಷಾರ ಆದ್ರೆ ಇದ್ದದ್ದನ್ನೂ ಬಿಟ್ಟು ನೆಗೆಟಿವ್ ಆಗ್ತದೆ. ಗೋಯಥೈಟ್, ಹೆಮಟೈಟ್ ಎರಡಕ್ಕೂ ಈ ತಿರುವು ಬರೋದು ಸುಮಾರು ಪಿಎಚ್ ಎಂಟರ ಆಸುಪಾಸಿನಲ್ಲಿ.

ಇಲ್ಲಿ ಗಮನಕೊಟ್ಟು ಓದುವವರಿಗೆ ಒಂದು ಸಂಶಯ ಬರಬೇಕು. ನಮ್ಮ ಕರಾವಳಿಯ ಕೆಂಪುಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಸ್ವಲ್ಪ ಹುಳಿ ಬದಿಗೇ ಇರೋದು, ಪಿಎಚ್ ಆರು, ಕೆಲವು ಕಡೆ ಅದಕ್ಕೂ ಕಮ್ಮಿ. ಅಂದ್ರೆ ಕಲ್ಲಿನ ಮೇಲ್ಮೈ ಪಾಸಿಟಿವ್. ಯುರೇನಿಲ್ ಕೂಡ ಪಾಸಿಟಿವ್. ಮತ್ತೆ ಅಂಟೋದು ಹೇಗೆ? ಬರೀ ವಿದ್ಯುತ್ ಆಕರ್ಷಣೆಯಿಂದ ಅಂಟೋದಾದ್ರೆ ಅಂಟಲೇಬಾರದಿತ್ತು. ಆದ್ರೂ ಅಂಟ್ತದೆ, ಅದೂ ಎಷ್ಟು ಗಟ್ಟಿಯಾಗಿ ಅಂದ್ರೆ ಪಿಎಚ್ ನಾಲ್ಕರಿಂದ ಆರಕ್ಕೆ ಏರೋದ್ರೊಳಗೆ ನೀರಲ್ಲಿದ್ದ ಯುರೇನಿಯಂ ಬಹುಪಾಲು ಕಲ್ಲಿನ ಮೇಲೆ ಹೋಗಿಬಿಡ್ತದೆ. ಕಾರಣ ಇದು ನಿಜವಾದ ರಾಸಾಯನಿಕ ಬಂಧ. ಯುರೇನಿಲ್ ತನ್ನ ಸೊಂಟದಲ್ಲಿದ್ದ ಎರಡು ನೀರಿನ ಅಣುಗಳನ್ನು ಬಿಟ್ಟು, ಆ ಜಾಗದಲ್ಲಿ ಒಂದೇ ಕಬ್ಬಿಣಕ್ಕೆ ಸೇರಿದ ಎರಡು ಆಕ್ಸಿಜನ್‌ಗಳನ್ನು ಹಿಡ್ಕೊಳ್ತದೆ, ಮಧ್ಯದಲ್ಲಿ ನೀರು ಇಲ್ಲವೇ ಇಲ್ಲ. ಹಿಡ್ಕೊಳ್ಳುವಾಗ ಮೇಲ್ಮೈಯಿಂದ ಹೈಡ್ರೋಜನ್ ಹೊರಗೆ ಬೀಳ್ತದೆ, ಅದಕ್ಕೇ ನೀರು ತುಂಬಾ ಹುಳಿ ಆದ್ರೆ ಈ ಕ್ರಿಯೆ ಹಿಂದಕ್ಕೆ ತಿರುಗ್ತದೆ.

ಇದೆಲ್ಲ ಊಹೆ ಅಲ್ಲ. ಸಿಂಕ್ರೋಟ್ರಾನ್ ಅನ್ನೋ ದೊಡ್ಡ ಯಂತ್ರದ ತೀಕ್ಷ್ಣ ಎಕ್ಸ್-ರೇಯಲ್ಲಿ ನೋಡಿದ್ರೆ ಯುರೇನಿಯಂಗೂ ಕಬ್ಬಿಣಕ್ಕೂ ಮಧ್ಯದ ದೂರ ಸುಮಾರು 3.4 ಆಂಗ್‌ಸ್ಟ್ರಾಮ್ (ಹತ್ತು ಆಂಗ್‌ಸ್ಟ್ರಾಮ್ ಅಂದ್ರೆ ಒಂದು ನ್ಯಾನೋಮೀಟರ್) ಸಿಗ್ತದೆ, ನಡುವೆ ನೀರಿನ ಪದರ ಇದ್ದಿದ್ರೆ ಅಷ್ಟು ಹತ್ರ ಬರ್ಲಿಕ್ಕೆ ಸಾಧ್ಯವೇ ಇಲ್ಲ. 1994ರಲ್ಲಿ ವೇಯ್ಟ್, ಡೇವಿಸ್, ಪೇನ್ ಮತ್ತು ಜೊತೆಯವರು ಫೆರಿಹೈಡ್ರೈಟ್ ಮೇಲೆ ಇದನ್ನು ತೋರಿಸಿದ್ರು. ಫೆರಿಹೈಡ್ರೈಟ್ ಅಂದ್ರೆ ಬೇರೆ ಎಂತದೂ ಅಲ್ಲ, ತೋಡಿನ ಬದಿಯಲ್ಲಿ, ಬಾವಿಯ ಒರತೆ ಬರೋ ಜಾಗದಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟಿರ್ತದಲ್ಲ, ಅದರಲ್ಲಿರೋ ಹೊಸ ಕಬ್ಬಿಣದ ಖನಿಜ ಹೆಚ್ಚಾಗಿ ಇದೇ. ಒಂದು ಗ್ರಾಮಿಗೆ ನೂರಾರು ಚದರ ಮೀಟರ್ ಮೇಲ್ಮೈ ಇರ್ತದೆ ಅದಕ್ಕೆ. ಅಂಥ ಎಕ್ಸ್-ರೇ ಪರೀಕ್ಷೆ ಮಾಡುವ ಸೌಲಭ್ಯ ನಮ್ಮ ದೇಶದಲ್ಲೂ ಉಂಟು, ಇಂದೋರಿನ ಇಂಡಸ್-2 ಸಿಂಕ್ರೋಟ್ರಾನಿನಲ್ಲಿ.

ಎಷ್ಟು ಹಿಡೀಬಹುದು ಅಂತ ಒಂದು ಲೆಕ್ಕ ಮಾಡಿ ನೋಡುವ. ಗೋಯಥೈಟ್ ಒಂದು ಗ್ರಾಮಿಗೆ 50 ಚದರ ಮೀಟರ್ ಮೇಲ್ಮೈ ಅಂತ ಇಟ್ಟುಕೊಳ್ಳಿ. ಒಂದು ಚದರ ನ್ಯಾನೋಮೀಟರಿಗೆ 2.3 ಅಂಟೋ ಜಾಗ ಅಂತ ನಮ್ಮ ಫೀಲ್ಡಿನಲ್ಲಿ ವಾಡಿಕೆಯಾಗಿ ಹಿಡೀತೇವೆ. ಒಂದು ಯುರೇನಿಲ್‌ಗೆ ಎರಡು ಜಾಗ ಬೇಕು ಅಂದ್ರೂ ಒಂದು ಗ್ರಾಂ ಗೋಯಥೈಟಿಗೆ 22 ಮಿಲಿಗ್ರಾಂ ಹತ್ರ ಯುರೇನಿಯಂ ಕೂತುಕೊಳ್ಳುವಷ್ಟು ಜಾಗ ಆಯ್ತು. ಲೀಟರಿಗೆ 5 ಮೈಕ್ರೋಗ್ರಾಂ ಯುರೇನಿಯಂ ಇರೋ ನೀರಾದ್ರೆ ನಾಲ್ಕು ಸಾವಿರ ಲೀಟರಿಗೂ ಜಾಸ್ತಿ ನೀರಿನಲ್ಲಿರೋ ಯುರೇನಿಯಂ ಅದು. ಇದು ಕಾಗದದ ಲೆಕ್ಕ, ನೀರಿನಲ್ಲಿ ಲೋಹ ಕಮ್ಮಿ ಇರುವಾಗ ಜಾಗ ಎಲ್ಲಾ ತುಂಬೋದಿಲ್ಲ, ಫಾಸ್ಫೇಟ್, ಸಿಲಿಕೇಟ್, ಎಲೆ ಕೊಳೆತು ಬಂದ ಹ್ಯೂಮಿಕ್ ಆಸಿಡ್ ಎಲ್ಲಾ ಅದೇ ಜಾಗಕ್ಕೆ ಬರ್ತವೆ. ಆದ್ರೂ ಬಾವಿಯ ಸುತ್ತ ಟನ್‌ಗಟ್ಟಲೆ ಕೆಂಪುಕಲ್ಲು ಉಂಟು ಅನ್ನೋದು ನೆನಪಿಡಿ.

ಶಾಶ್ವತವಾ ಅಂತ ಕೇಳಿದ್ರಲ್ಲ, ಅದಕ್ಕೆ ಬರ್ತೇನೆ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಮೇಣ ಅಂಟಿದ್ರೆ ನೀರಲ್ಲಿ ಎಷ್ಟು ತೊಳೆದ್ರೂ ಹೋಗೋದಿಲ್ಲ, ತೆಂಗಿನೆಣ್ಣೆ ಹಚ್ಚಿದ್ರೆ ಬಿಟ್ಟುಬಿಡ್ತದೆ. ಯುರೇನಿಯಂಗೆ ಆ ಎಣ್ಣೆ ಯಾವುದು ಅಂದ್ರೆ ಕಾರ್ಬೊನೇಟ್. ನೀರಲ್ಲಿ ಬೈಕಾರ್ಬೊನೇಟ್ ಜಾಸ್ತಿಯಾಗಿ ಪಿಎಚ್ ಎಂಟರ ಕಡೆ ಹೋದ ಹಾಗೆ ಮೂರು ಕಾರ್ಬೊನೇಟ್ ಬಂದು ಯುರೇನಿಲ್‌ನ ಸೊಂಟವನ್ನು ಪೂರ್ತಿ ಸುತ್ತಿಕೊಳ್ತವೆ, ಕಲ್ಲಿಗೆ ಹಿಡ್ಕೊಳ್ಳಲಿಕ್ಕೆ ಜಾಗವೇ ಉಳಿಯೋದಿಲ್ಲ, ಅಂಟಿದ್ದೂ ಬಿಟ್ಟು ನೀರಿಗೆ ಬರ್ತದೆ. ಅದಕ್ಕೆ ಕ್ಯಾಲ್ಸಿಯಂ ಸೇರಿದ್ರೆ ಇನ್ನೂ ಕಷ್ಟ, ಎರಡು ಕ್ಯಾಲ್ಸಿಯಂ ಕೂಡಿ ಒಟ್ಟು ಚಾರ್ಜ್ ಸೊನ್ನೆಯಾದ ಒಂದು ಕೂಟ ಆಗ್ತದೆ, ಅದಕ್ಕೆ ಪಾಸಿಟಿವ್ ಮೇಲ್ಮೈಯೂ ಬೇಡ ನೆಗೆಟಿವ್ ಮೇಲ್ಮೈಯೂ ಬೇಡ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ತೊಂದರೆ ಕಾಣೋದ್ರ ಹಿಂದೆ ಗ್ರಾನೈಟ್, ನೈಸ್ (gneiss, ಗ್ರಾನೈಟಿನ ಹಾಗಿನ ಪಟ್ಟೆ ಪಟ್ಟೆ ಗಟ್ಟಿ ಕಲ್ಲು) ಕಲ್ಲುಗಳ ಜೊತೆ ಈ ನೀರಿನ ಗುಣವೂ ದೊಡ್ಡ ಕಾರಣ. ಸಮುದ್ರವೂ ಇದಕ್ಕೇ ಉದಾಹರಣೆ: ಪಣಂಬೂರಿನಲ್ಲಿ ನೀವು ಕಾಲಿಡೋ ಅರಬ್ಬೀ ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 3.3 ಮೈಕ್ರೋಗ್ರಾಂ ಯುರೇನಿಯಂ ಉಂಟು, ಪ್ರಪಂಚದ ಎಲ್ಲಾ ಸಾಗರದಲ್ಲೂ ಹೆಚ್ಚುಕಮ್ಮಿ ಅಷ್ಟೇ, ಅದು ಕಾರ್ಬೊನೇಟ್ ಕೂಟವಾಗಿಯೇ ಲಕ್ಷಾಂತರ ವರ್ಷ ಕರಗಿ ಇರ್ತದೆ. ಅದೇ ಸಮುದ್ರದಲ್ಲಿ ಆ ಯುರೇನಿಯಂ ಕ್ಷಯಿಸಿ ಹುಟ್ಟೋ ಥೋರಿಯಂ ಮಾತ್ರ ಸಿಕ್ಕಿದ ಕಣಕ್ಕೆ ಅಂಟಿ ತಳಕ್ಕೆ ಹೋಗ್ತಾ ಇರ್ತದೆ.

ಎಷ್ಟು ವ್ಯತ್ಯಾಸ ಆಗ್ತದೆ ಅನ್ನೋದನ್ನು ನಾವು ಕೆಡಿ ಅನ್ನೋ ಒಂದು ಸಂಖ್ಯೆಯಲ್ಲಿ ಹೇಳ್ತೇವೆ, ಒಂದು ಕಿಲೋ ಮಣ್ಣಿನ ಮೇಲೆ ಇರೋ ಲೋಹಕ್ಕೂ ಒಂದು ಲೀಟರ್ ನೀರಲ್ಲಿ ಇರೋ ಲೋಹಕ್ಕೂ ಇರೋ ಅನುಪಾತ ಅದು. ಕೆಡಿ 100 ಅಂತ ಇಟ್ಟುಕೊಳ್ಳಿ, ಮಣ್ಣಿನ ಸಾಂದ್ರತೆ ಲೀಟರಿಗೆ 1.6 ಕಿಲೋ, ಸಂದಿಗೊಂದಿಯ ಪಾಲು 0.4; 1.6ನ್ನು 0.4ರಿಂದ ಭಾಗಿಸಿ, ಕೆಡಿಯಿಂದ ಗುಣಿಸಿ, ಒಂದು ಕೂಡಿಸಬೇಕು. ಆಗ ನೀರು ಸುಮಾರು 400 ಮೀಟರ್ ಹೋಗೋ ಹೊತ್ತಿಗೆ ಯುರೇನಿಯಂ ಒಂದು ಮೀಟರ್ ಹೋಗ್ತದೆ. ಕಾರ್ಬೊನೇಟ್ ಬಂದು ಕೆಡಿ ಒಂದಕ್ಕೆ ಇಳಿದ್ರೆ ನೀರು ಐದು ಮೀಟರ್ ಹೋಗುವಾಗ ಯುರೇನಿಯಂ ಒಂದು ಮೀಟರ್ ಹೋಗಿ ಆಯ್ತು. ಕಲ್ಲು ಅದೇ, ಲೋಹ ಅದೇ, ನೀರು ಮಾತ್ರ ಬೇರೆ. ಹಾಗಾಗಿ ಇಂಥ ಕಲ್ಲಿನ ಕೆಡಿ ಇಷ್ಟು ಅಂತ ಪುಸ್ತಕದಿಂದ ಒಂದೇ ನಂಬರ್ ಎತ್ತಿ ರಿಪೋರ್ಟಿಗೆ ಹಾಕುವವರನ್ನು ಕಂಡ್ರೆ ನನಗೆ ನಿಜಕ್ಕೂ ಬೇಸರ ಆಗ್ತದೆ, ಆ ನಂಬರಿನ ಮೇಲೆ ಜನರ ನೀರು ನಿಂತಿರ್ತದೆ.

ಕಬ್ಬಿಣದ ಖನಿಜವೇ ಕರಗಿಹೋದ್ರೆ? ಅದೂ ಆಗ್ತದೆ. ಬೈಲು ಗದ್ದೆಯಲ್ಲಿ ಮಳೆಗಾಲ ಪೂರ್ತಿ ನೀರು ನಿಂತು ಮಣ್ಣಿಗೆ ಗಾಳಿ ಸಿಗದಿದ್ದಾಗ ಬ್ಯಾಕ್ಟೀರಿಯಾಗಳು ಮೂರು ವೇಲೆನ್ಸಿಯ ಕಬ್ಬಿಣವನ್ನು ಎರಡಕ್ಕೆ ಇಳಿಸ್ತವೆ, ಆ ಕಬ್ಬಿಣ ನೀರಲ್ಲಿ ಕರಗ್ತದೆ, ಅದರ ಮೇಲೆ ಕೂತವರೆಲ್ಲ ಕೆಳಗೆ ಬೀಳ್ತಾರೆ. ಬಂಗಾಳದಲ್ಲಿ ಆರ್ಸೆನಿಕ್ ಬಾವಿಗೆ ಬಂದದ್ದು ಮುಖ್ಯವಾಗಿ ಹೀಗೇ. ಯುರೇನಿಯಂ ವಿಷಯದಲ್ಲಿ ಒಂದು ಸಮಾಧಾನ ಎಂತ ಅಂದ್ರೆ, ಅದೇ ಬ್ಯಾಕ್ಟೀರಿಯಾ, ಅದೇ ಗಾಳಿ ಇಲ್ಲದ ಪರಿಸ್ಥಿತಿ ಯುರೇನಿಯಂ ಅನ್ನೂ ಆರರಿಂದ ನಾಲ್ಕಕ್ಕೆ ಇಳಿಸಬಲ್ಲದು, ಆಗ ಅದು ಕರಗದೆ ಅಲ್ಲೇ ಕೂರ್ತದೆ. ಮತ್ತೆ ಬೇಸಿಗೆಯಲ್ಲಿ ಗದ್ದೆ ಒಣಗಿ ಗಾಳಿ ಹೊಕ್ಕಿದ್ರೆ ಎರಡೂ ತಿರುಗಿ ಶುರು. ಇನ್ನೊಂದು ದಾರಿಯೂ ಉಂಟು, ಅದು ಒಳ್ಳೇದು: ಫೆರಿಹೈಡ್ರೈಟ್ ಕಾಲ ಕಳೆದ ಹಾಗೆ ಗೋಯಥೈಟ್, ಹೆಮಟೈಟ್ ಆಗಿ ಗಟ್ಟಿಯಾಗ್ತದೆ, ಆಗ ಮೇಲೆ ಅಂಟಿದ್ದ ಯುರೇನಿಯಂನ ಒಂದು ಪಾಲು ಹರಳಿನ ಒಳಗೇ ಸೇರಿಹೋಗ್ತದೆ, ಅದನ್ನು ಕಾರ್ಬೊನೇಟೂ ಸುಲಭದಲ್ಲಿ ತೆಗೀಲಿಕ್ಕೆ ಆಗೋದಿಲ್ಲ. ಆಸ್ಟ್ರೇಲಿಯಾದ ಉತ್ತರದಲ್ಲಿ ಕೂಂಗಾರಾ ಅಂತ ಒಂದು ಯುರೇನಿಯಂ ನಿಕ್ಷೇಪ ಉಂಟು, ಮಳೆ, ಬಿಸಿಲು, ಕೊಳೆತ ಕಲ್ಲು, ಕಬ್ಬಿಣದ ಆಕ್ಸೈಡ್, ನಮ್ಮಲ್ಲಿಯ ಹಾಗೇ. ಅಲ್ಲಿ ಅದಿರಿಂದ ಹೊರಬಿದ್ದ ಯುರೇನಿಯಂ ನೀರಿನ ಜೊತೆ ಸ್ವಲ್ಪ ದೂರ ಹೋಗಿ ಕಬ್ಬಿಣದ ಆಕ್ಸೈಡ್ ಮತ್ತು ಫಾಸ್ಫೇಟ್ ಜೊತೆ ಸಿಕ್ಕಿಕೊಂಡಿದೆ. ಅಣು ತ್ಯಾಜ್ಯವನ್ನು ಭೂಮಿಯೊಳಗೆ ಇಟ್ರೆ ಬಹಳ ಕಾಲದಲ್ಲಿ ಎಂತ ಆಗಬಹುದು ಅಂತ ತಿಳ್ಕೊಳ್ಳಲಿಕ್ಕೆ ಹಲವು ದೇಶದವರು ಸೇರಿ ಆ ಜಾಗವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ.

ಸೀಸಿಯಂ ಪೂರ್ತಿ ಬೇರೆ ಸ್ವಭಾವದ್ದು. ಅದಕ್ಕೆ ಕಬ್ಬಿಣದ ಆಕ್ಸೈಡಿನಲ್ಲಿ ಆಸಕ್ತಿಯೇ ಇಲ್ಲ. ಅದು ಹುಡುಕೋದು ಅಭ್ರಕದ ಜಾತಿಯ ಜೇಡಿಯನ್ನು, ಇಲ್ಲೈಟ್ ಅಂತೇವೆ. ಇಲ್ಲೈಟಿನ ಪದರಗಳ ಅಂಚು ಹವೆಗೆ ಸ್ವಲ್ಪ ಬಿಚ್ಚಿಕೊಂಡಿರ್ತದೆ, ಆ ಸಂದಿಗೆ ಸೀಸಿಯಂ ತನ್ನ ಸುತ್ತಲಿನ ನೀರನ್ನು ಕಳಚಿ ಒಳಗೆ ನುಗ್ಗಿದ್ರೆ ಪದರ ಮುಚ್ಚಿಕೊಳ್ತದೆ, ಮತ್ತೆ ಹೊರಗೆ ಬರೋದು ಬಹಳ ಕಷ್ಟ. ಚೆರ್ನೋಬಿಲ್ (1986), ಫುಕುಶಿಮಾ (2011) ಎರಡೂ ಕಡೆ ಸೀಸಿಯಂ ಬಹುಪಾಲು ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿನಲ್ಲಿ ಉಳಿದದ್ದಕ್ಕೆ ಇಂಥ ಜೇಡಿಯೇ ದೊಡ್ಡ ಕಾರಣ. ಆದ್ರೆ ನಮ್ಮ ಕೆಂಪುಕಲ್ಲಿನ ಅಡಿಯಲ್ಲಿ ಬಾವಿ ತೋಡುವಾಗ ಸಿಗೋ ಬಿಳಿ, ತಿಳಿ ಗುಲಾಬಿ ಬಣ್ಣದ ಶೇಡಿ ಮಣ್ಣು ಹೆಚ್ಚಾಗಿ ಕೆಯೋಲಿನೈಟ್. ಅದರಲ್ಲಿ ಅಂಥ ಬಿಚ್ಚಿದ ಸಂದಿ ಇಲ್ಲ, ಧನ ಅಯಾನುಗಳನ್ನು ಹಿಡಿಯೋ ಶಕ್ತಿಯೂ ಕಮ್ಮಿ. ಅಂಚಿನಲ್ಲಿ ಯುರೇನಿಯಂ ಸ್ವಲ್ಪ ಹಿಡೀತದೆ, ಸೀಸಿಯಂ ಅಷ್ಟಕ್ಕಷ್ಟೇ. ಕೆಂಪುಕಲ್ಲು ಎಲ್ಲವನ್ನೂ ಹಿಡಿಯೋದಿಲ್ಲ ಅಂತ ನಾನು ಒತ್ತಿ ಹೇಳೋದು ಇದಕ್ಕೇ. ನಿಮ್ಮ ಬಾವಿಗೆ ಸೀಸಿಯಂ ಬರ್ಲಿಕ್ಕೆ ಈಗ ಕಾರಣ ಇಲ್ಲ, 1950-60ರ ದಶಕದ ಬಾಂಬ್ ಪರೀಕ್ಷೆಗಳಿಂದ ಬಿದ್ದ ಚೂರು ಎಲ್ಲಾ ಊರಿನ ಮಣ್ಣಲ್ಲೂ ಉಂಟು, ಅರ್ಧಾಯುಷ್ಯ 30 ವರ್ಷ, ಅದೂ ಕಮ್ಮಿಯಾಗ್ತಾ ಬಂದಿದೆ.

ರೇಡಿಯಂ ವಿಷಯ ಸಮುದ್ರದ ಹತ್ರ ಇರುವವರು ಸ್ವಲ್ಪ ಗಮನಿಸಬೇಕು. ಅದು ಬೇರಿಯಂ, ಕ್ಯಾಲ್ಸಿಯಂ ಕುಟುಂಬದ್ದು, ಮ್ಯಾಂಗನೀಸ್ ಆಕ್ಸೈಡಿಗೆ ಚೆನ್ನಾಗಿ ಅಂಟ್ತದೆ, ಜೇಡಿಗೂ ಅಂಟ್ತದೆ, ಆದ್ರೆ ಹೆಚ್ಚಿನದು ಬರೀ ಅದಲುಬದಲಿನ ಅಂಟು. ಉಪ್ಪು ನೀರು ಬಂದ್ರೆ ಸೋಡಿಯಂ, ಮೆಗ್ನೀಸಿಯಂ ರಾಶಿ ನುಗ್ಗಿ ರೇಡಿಯಂನ ಜಾಗ ಹಿಡೀತವೆ. ನದಿ ಹೊತ್ತು ತಂದ ಕೆಸರು ಅಳಿವೆಯಲ್ಲಿ ಸಮುದ್ರ ನೀರಿಗೆ ಸೇರುವಾಗ ಅದಕ್ಕಂಟಿದ ರೇಡಿಯಂ ಬಿಟ್ಟುಕೊಳ್ಳೋದು ಪ್ರಪಂಚದ ಬಹಳಷ್ಟು ಅಳಿವೆಗಳಲ್ಲಿ ಕಂಡ ವಿಷಯ, ನೆಲದಡಿಯಿಂದ ಸಮುದ್ರಕ್ಕೆ ಎಷ್ಟು ನೀರು ಹೋಗ್ತದೆ ಅಂತ ಅಳೀಲಿಕ್ಕೆ ಇದನ್ನೇ ಉಪಯೋಗಿಸ್ತಾರೆ. ಎಪ್ರಿಲ್ ಮೇಯಲ್ಲಿ ನಿಮ್ಮ ಬಾವಿ ನೀರು ಉಪ್ಪಾಗ್ತದೆ ಅಂತಾದ್ರೆ ಆ ಹೊತ್ತಿನ ನೀರು ಕುಡೀಲಿಕ್ಕೆ ಬೇಡ, ರೇಡಿಯಂ ಗೀಡಿಯಂ ಬಿಡಿ, ಬೇರೆ ಕಾರಣಕ್ಕೂ ಬೇಡ.

ಕಲ್ಲಿಗೆ ಅಂಟಿದ್ರೆ ನಿಂತ ಹಾಗೆ ಅಂತಲೂ ಇಲ್ಲ, ಇದನ್ನು ಬಿಡಬಾರದು. ಅಂಟಿದ ಕಣವೇ ತೇಲಿ ಹೋದ್ರೆ? ಅಮೆರಿಕದ ನೆವಾಡಾದಲ್ಲಿ 1968ರಲ್ಲಿ ನೆಲದಡಿ ಸ್ಫೋಟಿಸಿದ ಒಂದು ಬಾಂಬಿನ ಪ್ಲುಟೋನಿಯಂ 1.3 ಕಿಲೋಮೀಟರ್ ದೂರದ ನೆಲದಡಿ ನೀರಲ್ಲಿ ಸಿಕ್ಕಿತು ಅಂತ 1999ರಲ್ಲಿ ವರದಿ ಬಂತು. ಪ್ಲುಟೋನಿಯಂ ಕಲ್ಲಿಗೆ ಗಟ್ಟಿ ಅಂಟ್ತದೆ, ಹಾಗಾಗಿ ದೂರ ಹೋಗೋದಿಲ್ಲ ಅಂತಲೇ ಅಲ್ಲಿವರೆಗೆ ಹೆಚ್ಚಿನವರ ಲೆಕ್ಕ ಇದ್ದದ್ದು. ಅದು ಅಂಟಿದ್ದು ನಿಜ, ಜೇಡಿ ಮತ್ತು ಜಿಯೋಲೈಟ್ ಅನ್ನೋ ಖನಿಜದ ಕಣ್ಣಿಗೆ ಕಾಣದ ಸಣ್ಣ ಕಣಗಳಿಗೆ ಅಂಟಿ, ಆ ಕಣಗಳ ಜೊತೆಗೇ ನೀರಲ್ಲಿ ಪ್ರಯಾಣ ಮಾಡಿತ್ತು.

ಈಗ ನಿಮ್ಮ ಮನೆಯ ವಿಷಯ. ತೆರೆದ ಬಾವಿ, ಕೆಂಪುಕಲ್ಲು, ಹುಳಿ ಬದಿಯ ಮೆದು ನೀರು, ಬೈಕಾರ್ಬೊನೇಟ್ ಕಮ್ಮಿ, ಇದು ಯುರೇನಿಯಂ ಕಲ್ಲಿನ ಮೇಲೆ ಉಳೀಲಿಕ್ಕೆ ಹೇಳಿಮಾಡಿಸಿದ ಪರಿಸ್ಥಿತಿ. ಆ ಕಲ್ಲೇ ಅಪಾಯ ಅಂದವರಿಗೆ ಹೇಳಿ, ಕಲ್ಲು ಹಿಡಿದದ್ದನ್ನು ನೀವು ಕುಡಿಯೋದಿಲ್ಲ, ಹಿಡಿಯದೆ ಬಿಟ್ಟದ್ದನ್ನು ಕುಡಿಯೋದು. ಬೋರ್ ತೆಗೆಸಿದ್ರೆ ನೀವು ಕೆಂಪುಕಲ್ಲನ್ನೂ ಶೇಡಿಯನ್ನೂ ದಾಟಿ ಅಡಿಯ ಗಟ್ಟಿ ನೈಸ್ ಕಲ್ಲಿನ ಬಿರುಕಿನ ನೀರಿಗೆ ಹೋಗ್ತೀರಿ. ಅಲ್ಲಿ ಪಿಎಚ್ ಏಳು ದಾಟಿರಬಹುದು, ಬೈಕಾರ್ಬೊನೇಟ್, ಕ್ಯಾಲ್ಸಿಯಂ ಜಾಸ್ತಿ ಇರಬಹುದು, ಹಿಡಿಯೋ ಕಬ್ಬಿಣದ ಮೇಲ್ಮೈ ಕಮ್ಮಿ. ಖಂಡಿತ ಕೆಟ್ಟದ್ದೇ ಬರ್ತದೆ ಅಂತ ನಾನು ಹೇಳೋದಿಲ್ಲ, ಆದ್ರೆ ಯುರೇನಿಯಂ ಹೆದರಿಕೆಯಿಂದ ಬಾವಿ ಬಿಟ್ಟು ಬೋರಿಗೆ ಹೋಗೋದು ಮಾತ್ರ ತಲೆಕೆಳಗಾದ ತೀರ್ಮಾನ. ಬಾವಿ ಬತ್ತುತ್ತದೆ ಅಂತ ಬೋರ್ ಬೇಕಾದ್ರೆ ಅದು ಬೇರೆ ಮಾತು, ಆಗ ನೀರು ಪರೀಕ್ಷೆ ಮಾಡಿಸಿಯೇ ಕುಡೀರಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ವಿಕಿರಣದ ಲೆಕ್ಕದಲ್ಲಿ ಇಟ್ಟದ್ದು 60. ಮೂವತ್ತರ ಮಿತಿ ಇಟ್ಟದ್ದು ಕಿಡ್ನಿಯ ಮೇಲೆ ಆಗೋ ರಾಸಾಯನಿಕ ಪರಿಣಾಮ ನೋಡಿ, ನಾನಾದ್ರೆ ಅದನ್ನೇ ಪಾಲಿಸ್ತೇನೆ. ಕುದಿಸಿದ್ರೆ ಯುರೇನಿಯಂ ಹೋಗೋದಿಲ್ಲ, ನೀರು ಆವಿಯಾಗಿ ಇನ್ನೂ ಸಾಂದ್ರ ಆಗ್ತದೆ. ಮಿತಿ ದಾಟಿದ್ರೆ ಆರ್‌ಒ ಕೆಲಸ ಮಾಡ್ತದೆ. ಹುಳಿ ತೆಗೀಲಿಕ್ಕೆ ಬಾವಿಗೆ ಸುಣ್ಣ ಹಾಕುವ ಕ್ರಮ ನಮ್ಮಲ್ಲಿ ಉಂಟಲ್ಲ, ಹದವಾಗಿ ಹಾಕಿದ್ರೆ ತೊಂದರೆ ಇಲ್ಲ, ಪಿಎಚ್ ಏಳರ ಹತ್ರ ನಿಲ್ಲಿಸಿ, ಎಂಟು ದಾಟಿಸಬೇಡಿ.

ಪರೀಕ್ಷೆಗೆ ನೀರು ಕೊಡುವಾಗ ಹೆಚ್ಚಿನವರು ಮಿನರಲ್ ವಾಟರ್ ಬಾಟ್ಲಿಯಲ್ಲಿ ತುಂಬಿಸಿ ನಾಲ್ಕು ದಿನ ಅಡುಗೆ ಮನೆಯಲ್ಲಿಟ್ಟು ಮತ್ತೆ ಲ್ಯಾಬಿಗೆ ತಗೊಂಡು ಹೋಗ್ತಾರೆ. ಕಲ್ಲಿಗೆ ಅಂಟುವ ಯುರೇನಿಯಂ ಬಾಟ್ಲಿಯ ಗೋಡೆಗೂ ಅಂಟ್ತದೆ, ಅಡಿಯಲ್ಲಿ ಕೂತ ಕೆಂಪು ಗಸಿಗಂತೂ ಅಂಟಿಯೇ ಅಂಟ್ತದೆ, ರಿಪೋರ್ಟಿನಲ್ಲಿ ನಿಜಕ್ಕಿಂತ ಕಮ್ಮಿ ಬರಬಹುದು. ಲ್ಯಾಬಿಂದಲೇ ಎರಡು ಬಾಟ್ಲಿ ಕೇಳಿ ತನ್ನಿ. ಪಂಪ್ ಸ್ವಲ್ಪ ಹೊತ್ತು ಓಡಿಸಿ, ಒಂದಕ್ಕೆ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ ನೀರು ತುಂಬಿಸಿ, ಅದಕ್ಕೆ ಅವರು ಕೊಡೋ ನೈಟ್ರಿಕ್ ಆಸಿಡ್ ಹನಿ ಹಾಕಿ ಪಿಎಚ್ ಎರಡಕ್ಕಿಂತ ಕೆಳಗೆ ತರಬೇಕು, ಆಗ ಗೋಡೆಗೆ ಅಂಟೋದಿಲ್ಲ. ಆಸಿಡ್ ಹಾಕುವ ಕೆಲಸ ಅವರ ಕೈಯಲ್ಲೇ ಮಾಡಿಸಿದ್ರೆ ಇನ್ನೂ ಒಳ್ಳೇದು. ಇನ್ನೊಂದು ಬಾಟ್ಲಿ ಆಸಿಡ್ ಇಲ್ಲದೆ ಕಂಠದವರೆಗೆ ತುಂಬಿಸಿ, ಬೈಕಾರ್ಬೊನೇಟ್, ಕ್ಯಾಲ್ಸಿಯಂ ಅಳೀಲಿಕ್ಕೆ. ಪಿಎಚ್ ಮಾತ್ರ ಬಾವಿಕಟ್ಟೆಯಲ್ಲೇ ನೋಡಿ, ಇಟ್ಟ ನೀರಿಂದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರಿಬಿಡ್ತದೆ. ಮಳೆ ಮುಗಿದ ಮೇಲೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಮಾಡಿಸಿ, ಎರಡೂ ರಿಪೋರ್ಟ್ ಕಳಿಸಿದ್ರೆ ನಾನೇ ಓದಿ ಹೇಳ್ತೇನೆ.